ಗಂಟೆಯಿಲ್ಲದೆ ಕಟ್ಟಿದ ಗರಿ

ಅಕ್ಟೋಬರ್ 4

ಬಾಪಾ ರಾಜನ ಜಗಲಿಯಲ್ಲಿ ಜಗಳ ಮಾಡಿ ಬಂದಿದ್ದೇನೆ. ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ, ಓದುವವಳು ನಾನೊಬ್ಬಳೇ. ರಾಜ ಅಂದರೆ ಕಿರೀಟ ಗಿರೀಟ ಏನಿಲ್ಲ. ತೂತು ಬನಿಯನ್ನಿನ ರಾಜ, ನಮ್ಮೂರ ಯಜಮಾನ. ಕಂಪನಿಯವರು ಬಂದರೆ ಮಾತ್ರ ಅಂಗಿ ಹಾಕುತ್ತಾನೆ. ಇವತ್ತು ಹಾಕಿದ್ದ.

ಜಾವಾದಿಂದ ಬಂದ ಇಂಜಿನಿಯರನ ಹೆಸರು ವಿರಾತ್ಮೊ. ತೆಳ್ಳನೆ ಮನುಷ್ಯ, ಮೆತ್ತಗೆ ಮಾತಾಡುತ್ತಾನೆ. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ. ಅಂಬೋನಿನ ಬೀದಿಗಳಲ್ಲಿ ಮೆರವಣಿಗೆ ಹೋಗುತ್ತಿದ್ದ ಕಾಲದಲ್ಲಿ ಲಾಠಿಯವನಿಗಿಂತ ಮೊದಲು ಬರುತ್ತಿದ್ದವನು ಮೆತ್ತಗೆ ಮಾತಾಡುವವನೇ.

"ಇಬು, ಈ ಜೆಟ್ಟಿ ನಿಮಗೋಸ್ಕರಾನೇ," ಅಂದ. ಇಬು ಅಂದರೆ ಅಮ್ಮಾವ್ರು, ಅವನ ಮರ್ಯಾದೆ.

"ಗೊತ್ತು. ಕೇಳಿದ್ದೇ ನಾವು. ಉಡುಗೊರೆ ತಂದೋರ ಥರ ಮಾತಾಡ್ಬೇಡಿ."

ರಾಜ ನನ್ನ ತೊಡೆ ತಟ್ಟಿ ಸುಮ್ಮನಿರಿಸಲು ನೋಡಿದ. ಕೈ ತಳ್ಳಿದೆ. ಹೇಳಬೇಕಾದ್ದನ್ನು ಹೇಳಿಯೇ ಎದ್ದೆ. ಜೆಟ್ಟಿ ಕಂಬಗಳ ಮೇಲೆ ನಿಲ್ಲಬೇಕು. ಕೆಳಗೆ ನೀರು ಹರಿಯಬೇಕು. ನಮ್ಮ ಹವಳದ ಒಂದು ತುಂಡನ್ನೂ ಮುಟ್ಟಕೂಡದು. ಮೂಡಲ ಹವಳದ ದಿಬ್ಬದ ಮೇಲೆ ಸಾಸಿ ಇದೆ, ಯಾರೂ ಏನೂ ತೆಗೆಯಕೂಡದು, ಮುಂದಿನ ವರ್ಷದ ಅಕ್ಟೋಬರಿಗೆ ತೆರೆಯುತ್ತೇವೆ, ಅಲ್ಲಿಯ ತನಕ ದೇವರು ಇಳಿದು ಬಂದರೂ ಒಳಗೆ ಬಿಡುವುದಿಲ್ಲ.

"ಖಂಡಿತ ಇಬು, ಕಂಬದ ಮೇಲೇ," ಅಂದ ವಿರಾತ್ಮೊ. ಕಾಫಿ ಕೊಟ್ಟ. ಮುಟ್ಟಲಿಲ್ಲ.

ಅಕ್ಟೋಬರ್ 5

ಊಸಿ ಬೆಚಿಗೆ ನಿನ್ನೆಯ ಕಥೆ ಹೇಳಿದೆ. ಅಮ್ಮ ಸತ್ತ ಮೇಲೆ ನನಗೆ ಉಣ್ಣಿಸಿದವಳು ಅವಳೇ. ಬೇರೆಯವರಿಗೆ ಊಸಿ ಅಂದರೆ ಬರೀ ಅಕ್ಕ, ನನಗೆ ಅರ್ಧ ಅಮ್ಮ. ಸಾಗು ಗಂಜಿಯನ್ನು ಎರಡು ಕಡ್ಡಿಯಲ್ಲಿ ಸುತ್ತುತ್ತಾ ಕೇಳಿದಳು, "ಕಾಫಿ ಕುಡೀದೆ ಬಂದ್ಯಾ? ಹುಚ್ಚಿ. ಒಂದು ಲೋಟದಲ್ಲಿ ಹಾಕಿಸ್ಕೊಂಡು ನನಗಾದ್ರೂ ತರೋದಲ್ವಾ?"

ಆಮೇಲೆ ಕಡ್ಡಿ ಕೆಳಗಿಟ್ಟಳು. ಹಿರಿಮಗಳು ರಾಹೇಲ್ ನೆನಪಾಗಿರಬೇಕು. ಜೆಟ್ಟಿ ಅಂದಾಗಲೆಲ್ಲ ಅವಳಿಗೂ ನನಗೂ ರಾಹೇಲೇ. ಹೆರಿಗೆ ನೋವಿನಲ್ಲಿ ಅವಳನ್ನು ತೋಡುದೋಣಿಯಲ್ಲಿ ಮಲಗಿಸಿ ದಿಬ್ಬದಾಚೆ ನಿಂತ ಬೋಟಿಗೆ ಎತ್ತಿ ಕೊಡುವಾಗ ಅಲೆ ಬಂತು. ಹೆಗಲು ಹಿಡಿದಿದ್ದವಳು ನಾನು. ಒದ್ದೆ ಮೈ, ಜಾರಿತು. ಊಸಿ ಮಗಳನ್ನೂ ಮೊಮ್ಮಗುವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆಯೇ ನಾನು ಅಂಬೋನಿಗೆ ಹೋಗಿ ಕಚೇರಿಯ ಮುಂದೆ ಕೂತದ್ದು. ಜೆಟ್ಟಿ ಬಂದೇ ಬರಬೇಕು. ಆದರೆ ಕಡಲು ಕೊಟ್ಟು ಅಲ್ಲ. ಶಾಲೆಯ ತಗಡು, ಚರ್ಚಿನ ಗಂಟೆ, ಎಲ್ಲ ಆ ದಿಬ್ಬದ ಲೋಲಾ ಚಿಪ್ಪು ಮಾರಿದ ದುಡ್ಡಿನಿಂದ ಬಂದದ್ದು. ಎರಡೂ ಬೇಕು. ಎರಡೂ ಕೇಳುವುದು ದುರಾಸೆಯಾದರೆ ನಾನು ದುರಾಸೆಯವಳೇ.

ನವೆಂಬರ್ 18

ಯಂತ್ರಗಳು ಬಂದವು. ಕಬ್ಬಿಣದ ಕಂಬಗಳು ಇನ್ನೂ ಬಂದಿಲ್ಲ. ದಿನಾ ಬೆಳಿಗ್ಗೆ ಹೋಗಿ ಅವರ ಗುಡಿಸಲ ಮುಂದೆ ನಿಲ್ಲುತ್ತೇನೆ, ಕೆಲಸಗಾರರು ದಾರಿ ಬದಲಿಸಿ ಹೋಗುತ್ತಾರೆ. ವಿರಾತ್ಮೊ ಹೊರಗೆ ಬಂದು, "ಇಬು, ದಿನಾ ಬಿಸಿಲಲ್ಲಿ ನಿಲ್ತೀರಿ. ಒಳಗೆ ಬಂದು ಬಯ್ಯಿರಿ," ಅಂದ. ನಗು ಬಂತು. ನಕ್ಕಿದ್ದು ತಪ್ಪಾಯಿತು ಅನಿಸಿತು. ಆದರೂ ಒಳಗೆ ಹೋದೆ. ನೆರಳಲ್ಲಿ ನಿಂತರೆ ಕಣ್ಣು ಚೆನ್ನಾಗಿ ಕಾಣುತ್ತದೆ.

ಜನವರಿ 13

ಕಂಬದ ಹಡಗು ಬರುವುದಿಲ್ಲ. ವಿರಾತ್ಮೊ ನಕ್ಷೆ ಬಿಡಿಸಿ ವಿವರಿಸಿದ. ಮೂಡಣ ಗಾಳಿ ಏಳುವ ಮೊದಲು ಕೆಲಸ ಮುಗಿಯದಿದ್ದರೆ ದುಡ್ಡು ಬೇರೆ ದ್ವೀಪಕ್ಕೆ ಹೋಗುತ್ತದಂತೆ. ಈಗ ಉಳಿದಿರುವ ದಾರಿ ಒಂದೇ: ಕಲ್ಲು ತುಂಬಿ ಕಟ್ಟೆ ಹಾಕುವುದು.

ಕೂಗಾಡಿದೆ. ಮೇಜು ಗುದ್ದಿದೆ. ಅವನು ಕಾದ. ನಾನು ದಣಿದ ಮೇಲೆ ಕೇಳಿದ, "ಈ ವರ್ಷ ಯಾರಾದ್ರೂ ಬಸುರಿ ಇದ್ದಾರಾ ಇಬು, ಊರಲ್ಲಿ?"

ಇದ್ದಾಳೆ. ಊಸಿ ಬೆಚಿಯ ಕಿರಿಮಗಳು ಓರ್ಪಾ. ಅವನಿಗೆ ಗೊತ್ತಿತ್ತೋ, ಸುಮ್ಮನೆ ಕೇಳಿದನೋ. ಅವನ ಮುಖದಲ್ಲಿ ಕಪಟ ಕಾಣಲಿಲ್ಲ.

ನೀರು ಹಾಯಲು ಕಟ್ಟೆಯಲ್ಲಿ ಅಲ್ಲಲ್ಲಿ ದೊಡ್ಡ ಕೊಳವೆ ಇಡಬೇಕು ಅಂದೆ. ಇಡೋಣ ಅಂದ. ಇದು ಸಣ್ಣ ಗೆಲುವಲ್ಲ. ನಾನಿಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಕಾಫಿ ಕುಡಿದೆ, ತೀರಾ ಸಿಹಿ.

ಫೆಬ್ರುವರಿ 2

ನನ್ನನ್ನು ಪರಿಸರ ಸಂಯೋಜಕಿ ಮಾಡಿದ್ದಾರೆ. ಹಳದಿ ಹೆಲ್ಮೆಟ್ ಕೊಟ್ಟರು. ಊಸಿ ನೋಡಿ ಬಿದ್ದು ಬಿದ್ದು ನಕ್ಕಳು: "ತಲೆ ಮೇಲೆ ಪಪ್ಪಾಯಿ ಕಾಯಿ ಬಿಟ್ಟಿದೆ ನೋಡ್ರೇ!" ನಗಲಿ. ಒಳಗಿದ್ದರೆ ತಾನೇ ತಡೆಯಲು ಆಗುವುದು? ಹೊರಗೆ ನಿಂತು ಘೋಷಣೆ ಕೂಗುವುದು ಇಪ್ಪತ್ತರ ವಯಸ್ಸಿಗೆ ಸರಿ.

ಕಲ್ಲು ಸಾಲುತ್ತಿಲ್ಲವಂತೆ. ಸಾಸಿಯ ಗೆರೆಯಿಂದ ಹೊರಗಿರುವ ಮೂಡಲ ಮೂಲೆಯ ಸತ್ತ ಹವಳವನ್ನು ತೆಗೆಯಬಹುದೇ ಅಂತ ವಿರಾತ್ಮೊ ಕೇಳಿದ. ಸತ್ತದ್ದನ್ನು ಮಾತ್ರ ಅಂದೆ.

ಮಾರ್ಚ್ 9

ಸೈಟಿನಲ್ಲಿ ಅನಾಹುತವೊಂದು ಸ್ವಲ್ಪದರಲ್ಲಿ ತಪ್ಪಿತು. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಮೂಡಲ ಮೂಲೆಯ ಮರಳಿನಲ್ಲಿ ಕಪ್ಪೆಚಿಪ್ಪು ಕೆದಕುತ್ತಿದ್ದರು, ಹಿಂದಕ್ಕೆ ಬಂದ ಯಂತ್ರ ಒಬ್ಬಳನ್ನು ಮುಟ್ಟಿಯೇ ಬಿಡುತ್ತಿತ್ತು. ಹಗ್ಗ ಕಟ್ಟಿದ್ದೆವು, ಬೋರ್ಡು ಹಾಕಿದ್ದೆವು. ಹಗ್ಗ ಯಾರದೋ ಹಂದಿಯ ಕೊರಳಿಗೆ ಹೋಗಿದೆ, ಬೋರ್ಡು ಯಾರದೋ ಕೋಳಿಗೂಡಿಗೆ.

"ನಮ್ಮ ಬೋರ್ಡಿಗೆ ಯಾರೂ ಹೆದರಲ್ಲ," ಅಂದ ವಿರಾತ್ಮೊ. "ನಿಮ್ಮ ಸಾಸಿಯ ಎಲೆಗೆ ಹೆದರ್ತಾರೆ ಇಬು. ಎರಡು ತಿಂಗಳಷ್ಟೇ."

ಬಾಪಾ ರಾಜನೂ ಹೂಂ ಅಂದ. ಅಪ್ಪ ಹೋದ ಮೇಲೆ ಹೆಂಗಸಿನ ಕೈಗೆ ಕಾವಲಿನ ಶಂಖ ಬಂತಲ್ಲ ಅಂತ ಮೂಗು ಮುರಿದಿದ್ದ ಅದೇ ರಾಜ ಇವತ್ತು ಮಗಳನ್ನು ಕರೆದ ಹಾಗೆ, "ನೋನಾ, ನಿಮ್ಮಪ್ಪನಿಗಿಂತ ನೀನೇ ಒಳ್ಳೇ ಕೇವಾಂಗ್," ಅಂದ. ಕೇವಾಂಗ್ ಅಂದರೆ ಸಾಸಿಯ ಕಾವಲು, ಅಪ್ಪ ಮೂವತ್ತು ವರ್ಷ ಕಡಲು ಕಾದವನು.

ಸಾಸಿ ಹಾಕಲು ಪಾದ್ರಿ ಗಂಟೆ ಬಾರಿಸಬೇಕು, ಊರೆಲ್ಲ ದಡದಲ್ಲಿ ನಿಂತು ಒಪ್ಪಬೇಕು, ಆಮೇಲೆ ಕೇವಾಂಗ್ ತೆಂಗಿನ ಎಳೆ ಗರಿ ಕಟ್ಟಬೇಕು. ಪಾದ್ರಿ ಅಂಬೋನಿಗೆ ಹೋಗಿದ್ದಾರೆ. ಅವರು ಬರುವ ತನಕ ಕಾಯುತ್ತ ಕೂತರೆ ಯಾರಾದರೂ ಸಾಯುತ್ತಾರೆ. ಮೂಡಲ ಮೂಲೆಯ ದಾರಿಗೆ ಗೂಟ ನೆಟ್ಟು ಗರಿ ಕಟ್ಟಿದೆ. ಜೀವ ಉಳಿಸಲು ಕಟ್ಟಿದ್ದು, ಬೇರೆ ಯಾವುದಕ್ಕೂ ಅಲ್ಲ. ಸಂಜೆಯ ತನಕ ಒಂದು ಕಾಲೂ ಆಚೆ ಹೋಗಲಿಲ್ಲ.

ಕೈಗೆ ಗರಿಯ ವಾಸನೆ ಇನ್ನೂ ಇದೆ.

ಏಪ್ರಿಲ್ 6

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಇವತ್ತು ಊಸಿ ಬೆಚಿ ಗರಿ ದಾಟಿದಳು. ಕದ್ದು ಅಲ್ಲ, ಹಾಡುಹಗಲಲ್ಲಿ, ನನ್ನ ಕಣ್ಣೆದುರೇ ಹೋದಳು. ವಾಪಸು ಬಂದು ಗುಡಿಸಲೊಳಗೆ ನುಗ್ಗಿ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಕವುಚಿದಳು. ಮುರಿದ ಹವಳ. ತುದಿಗಳು ಇನ್ನೂ ನೇರಳೆ ಬಣ್ಣಕ್ಕಿದ್ದವು, ಲೋಳೆ ಸುರಿಯುತ್ತಿತ್ತು. ಸಂದಿಯಲ್ಲಿ ಉಗುರಿನಷ್ಟೇ ದೊಡ್ಡ ಲೋಲಾ ಮರಿಗಳು.

"ಇದು ಸತ್ತಿದ್ದಾ ಸೆಲಿ? ಮುಟ್ಟಿ ನೋಡು. ಸತ್ತಿದ್ದಾ?"

"ಎಲ್ಲೋ ಅಂಚಲ್ಲಿ ತಾಗಿರುತ್ತೆ ಊಸಿ. ನಾನು ಕೇಳ್ತೀನಿ."

"ಅಂಚಾ? ಮೂಲೆ ಪೂರ್ತಿ ಬೋಳಿಸಿದ್ದಾರೆ ಕಣೇ. ಬೋಳು ತಲೆ ಹಂಗಿದೆ. ನೀನು ಗರಿ ಕಟ್ಟಿ ನಮ್ಮನ್ನ ಹೊರಗಿಟ್ಟೆ, ಅವರು ಒಳಗೆ ಕೂತು ತಿಂದ್ರು."

"ಕಲ್ಲು ಎಲ್ಲಿಂದಾದ್ರೂ ಬರ್ಬೇಕಲ್ಲ! ಓರ್ಪಾಗೆ ಜೆಟ್ಟಿ ಬೇಡ್ವಾ?"

ಊಸಿ ಖಾಲಿ ಬುಟ್ಟಿ ಎತ್ತಿ ಸೊಂಟಕ್ಕಿಟ್ಟಳು. "ಬೇಡ ಅಂದೋರು ಯಾರು? ನನಗಿಂತ ಜಾಸ್ತಿ ಬೇಕಾಗಿರೋದು ಯಾರಿಗೆ? ಕಂಬ ಅಂದೆ ನೀನು. ನಾನು ಕಂಬ ಬರುತ್ತೆ ಅಂತ ಕಾಯ್ತಿದ್ದೆ."

ಗುಡಿಸಲಿನ ಹೊರಗೆ ಅರ್ಧ ಊರು ಸೇರಿತ್ತು. ಗರಿ ದಾಟಿದ್ದನ್ನು ಎಲ್ಲರೂ ನೋಡಿದ್ದರು. ಈಗ ಕೇವಾಂಗ್ ಏನು ಮಾಡುತ್ತಾಳೆ ಅಂತ ನೋಡಲು ನಿಂತಿದ್ದರು.

ಅಪ್ಪ ತನ್ನ ಒಡಹುಟ್ಟಿದ ತಮ್ಮನನ್ನೇ ಬಿಟ್ಟಿರಲಿಲ್ಲ. ಚಿಕ್ಕಪ್ಪ ಸಾಸಿಯೊಳಗೆ ಬಲೆ ಬೀಸಿದ್ದಕ್ಕೆ, ಅವನ ಬಾಗಿಲಲ್ಲಿ ಶಂಖ ಊದಿ, ಹೆಸರು ಕೂಗಿಕೊಂಡು ಊರೆಲ್ಲ ಸುತ್ತಿದ್ದ. ಚಿಕ್ಕಪ್ಪ ಆ ಮಳೆಗಾಲ ಮುಗಿಯುವ ತನಕ ಮನೆಯಿಂದ ಹೊರಗೆ ಬರಲಿಲ್ಲ. ಗರಿ ಅಂದರೆ ಗರಿ. ನೆಂಟಸ್ತಿಕೆ ನೋಡಿದ ದಿನ ಅದು ಬರೀ ಸೊಪ್ಪು.

ಊದಿದೆ. ಊಸಿ ಬೆಚಿಯ ಬಾಗಿಲಲ್ಲಿ, ನನಗೆ ಉಣ್ಣಿಸಿದ ಬಾಗಿಲಲ್ಲಿ. ಹೆಸರು ಕೂಗಿದೆ. ಮನೆ ಮನೆಯ ಮುಂದೆಯೂ ಕೂಗಿದೆ. ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ.

ನಾನು ಮಾಡಿದ್ದು ಸರಿ. ಅಪ್ಪ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದ.

ಏಪ್ರಿಲ್ 7

ಸರಿಯೇ.

ಮೇ 21

ಕಟ್ಟೆ ಮುಗಿಯಿತು. ಕೊಳವೆ ಒಂದೇ ಇದೆ. ಉಳಿದವಕ್ಕೆ ಸಿಮೆಂಟ್ ಸಾಲಲಿಲ್ಲ ಅಂದರು. ಒಂದಾದರೂ ಇದೆಯಲ್ಲ. ರಾಜ ರಿಬ್ಬನ್ ಕತ್ತರಿಸಿದ, ಹೊಸ ಅಂಗಿ. ಭಾಷಣದಲ್ಲಿ ನನ್ನ ಹೆಸರು ಹೇಳಿದರು. ಚಪ್ಪಾಳೆ ತಟ್ಟಿದರು. ಊಸಿ ಬಂದಿರಲಿಲ್ಲ.

ಗುಡಿಸಲು ಬಿಚ್ಚುವಾಗ ವಿರಾತ್ಮೊ ನನ್ನ ಪ್ಲಾಸ್ಟಿಕ್ ಕುರ್ಚಿಯನ್ನು ನನಗೇ ಕೊಟ್ಟು ಹೋದ. "ನಿಮ್ಮಂಥವರು ಎಲ್ಲ ಕಡೆ ಇದ್ದಿದ್ರೆ ನಮ್ಮ ಕೆಲಸ ಎಷ್ಟು ಸುಲಭ ಆಗ್ತಿತ್ತು ಇಬು," ಅಂದ. ಒಳ್ಳೆಯ ಮಾತು. ಮನೆಗೆ ಬರುವ ದಾರಿಯಲ್ಲಿ ಯಾಕೋ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

ಜೂನ್ 30

ಗೆದ್ದೆವು! ಓರ್ಪಾಗೆ ನೋವು ಶುರುವಾದಾಗ ಮೂಡಣ ಗಾಳಿ ಹುಚ್ಚೆದ್ದಿತ್ತು. ರಾಹೇಲಳ ದಿನಕ್ಕಿಂತ ಕೆಟ್ಟ ಕಡಲು. ಬೋಟು ಕಟ್ಟೆಗೇ ಬಂದು ತಾಗಿತು. ಓರ್ಪಾ ಗಂಡನ ಹೆಗಲು ಹಿಡಿದು ನಡೆದುಕೊಂಡೇ ಹತ್ತಿದಳು. ನಡೆದುಕೊಂಡು! ಕಾಲು ಕೂಡ ಒದ್ದೆಯಾಗಲಿಲ್ಲ. ಸಂಜೆ ಫೋನ್ ಬಂತು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ.

ಕಟ್ಟೆಯ ತುದಿಯಲ್ಲಿ ಊಸಿ ನಿಂತಿದ್ದಳು. ಮಳೆಗೆ ತೊಯ್ದು ತೊಪ್ಪೆಯಾಗಿದ್ದಳು. ಏಪ್ರಿಲ್ ಆದ ಮೇಲೆ ಮೊದಲ ಸಲ ಹತ್ತಿರ ಹೋದೆ. ನನ್ನ ಕೈ ಹಿಡಿದುಕೊಂಡಳು, ಗಟ್ಟಿಯಾಗಿ. ಅಳುತ್ತಿದ್ದಳು.

"ನೋಡಿದ್ಯಾ ಊಸಿ? ಕಲ್ಲಿಗಿಂತ ಜೀವ ದೊಡ್ಡದಲ್ವಾ?" ಅಂದೆ.

ಕೈ ಬಿಟ್ಟುಬಿಟ್ಟಳು. ಮನೆ ಕಡೆ ಹೊರಟಳು.

ಆ ಮಾತು ಆಡಬಾರದಿತ್ತೋ ಏನೋ. ಕೈ ಹಿಡಿದಷ್ಟಕ್ಕೇ ಸುಮ್ಮನಿರಬೇಕಿತ್ತು.

ಆಗಸ್ಟ್ 24

ಕಟ್ಟೆಯ ಈಚೆ ನೀರು ನಾರುತ್ತಿದೆ. ಕೊಳವೆಯ ಬಾಯಿಗೆ ಮರಳು ತುಂಬಿದೆ, ಕೈ ಹಾಕಿ ತೆಗೆದೆ, ಮರುದಿನ ಮತ್ತೆ ತುಂಬಿತ್ತು. ದಿಬ್ಬದ ಮೇಲೆ ನಡೆದರೆ ಪಾದ ಹುಗಿಯುತ್ತದೆ. ಹೂಳು.

ವಿರಾತ್ಮೊಗೆ ಫೋನ್ ಮಾಡಿದೆ. ಬೇರೆ ದ್ವೀಪದಲ್ಲಿದ್ದಾನೆ. "ಅಯ್ಯೋ ಇಬು," ಅಂದ. ಮನಸ್ಸಿನಿಂದಲೇ ಅಂದ. ಮನಸ್ಸಿನಿಂದಲೇ ಅನ್ನುತ್ತಾನೆ, ಅದೇ ಕಷ್ಟ. ಲಾಠಿ ಹಿಡಿದು ಬಂದಿದ್ದರೆ ನನಗೆ ಎದುರಿಸಲು ಗೊತ್ತಿತ್ತು.

ಅಕ್ಟೋಬರ್ 12

ಸಾಸಿ ತೆರೆದೆವು. ಪಾದ್ರಿ ಗಂಟೆ ಬಾರಿಸಿದರು, ಪ್ರಾರ್ಥನೆ ಆಯಿತು. ನಾನು ಗರಿ ಬಿಚ್ಚಿ ಶಂಖ ಊದಿದೆ. ಇಡೀ ಊರು ಒಟ್ಟಿಗೇ ಕಡಲಿಗೆ ಬಿತ್ತು, ಪ್ರತಿ ಸಲದಂತೆ ಕೂಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ. ಮುಳುಗಿದರು.

ಎದ್ದರು. ಯಾರೂ ಕೂಗಲಿಲ್ಲ. ಬೊಗಸೆಯಲ್ಲಿ ಬೂದು ಕೆಸರು ಹಿಡಿದು ನಿಂತಿದ್ದರು. ಒಬ್ಬೊಬ್ಬರಿಗೆ ಒಂದೋ ಎರಡೋ ಚಿಪ್ಪು ಸಿಕ್ಕಿದ್ದವು, ಖಾಲಿ, ಒಳಗೆ ಮಣ್ಣು. ಮುದುಕನೊಬ್ಬ ಚಿಪ್ಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ವಾಪಸು ನೀರಿಗೆ ಹಾಕಿದ, ಮೆಲ್ಲಗೆ, ಮೊಟ್ಟೆ ಇಟ್ಟ ಹಾಗೆ.

ಯಾರಾದರೂ ನನ್ನನ್ನು ಬೈಯಬಹುದಿತ್ತು. ನಾನು ಉತ್ತರ ತಯಾರು ಮಾಡಿಕೊಂಡೇ ನಿಂತಿದ್ದೆ. ರಾಜ, ಸರ್ಕಾರ, ಕಂಬದ ಹಡಗು, ಸಿಮೆಂಟ್, ಎಲ್ಲ ಸಾಲಾಗಿ. ಯಾರೂ ಕೇಳಲಿಲ್ಲ. ಒದ್ದೆ ಬಟ್ಟೆ ಹಿಂಡಿಕೊಂಡು ಮನೆಗೆ ಹೋದರು. ಹೆಂಗಸರು ಮಾಡಿಟ್ಟಿದ್ದ ಹಬ್ಬದ ಅಡುಗೆ ಹಾಗೇ ಉಳಿಯಿತು.

ಅಕ್ಟೋಬರ್ 19

ಪಡುವಲ ದಿಬ್ಬ ಇನ್ನೂ ಬದುಕಿದೆ! ನಾನೇ ಮುಳುಗಿ ನೋಡಿದೆ. ಚಿಕ್ಕದು, ಆದರೆ ಲೋಲಾ ಇದೆ, ಮರಿಗಳೂ ಇವೆ. ಅಲ್ಲಿಗೆ ಸಾಸಿ ಹಾಕಬೇಕು. ಪಾದ್ರಿಯನ್ನು ಕರೆದೆ, ಗಂಟೆ ಬಾರಿಸಿದರು. ದಡಕ್ಕೆ ಬಂದವರು ಬೆರಳೆಣಿಕೆಯಷ್ಟು ಜನ. ಇರಲಿ. ಎಲ್ಲ ಕ್ರಮವಾಗಿ ಮಾಡಿ ಗರಿ ಕಟ್ಟಿದೆ.

ಅಕ್ಟೋಬರ್ 21

ಇಳಿತದಲ್ಲಿ ಪಡುವಲ ದಿಬ್ಬದ ತುಂಬ ಜನ. ನಮ್ಮವರೇ. ಹೊರಗಿನವರು ಒಬ್ಬರೂ ಇಲ್ಲ. ಬುಟ್ಟಿ, ಕಬ್ಬಿಣದ ಸಲಾಕೆ. ಗೂಟ ನಿಂತೇ ಇತ್ತು, ಗರಿ ಇರಲಿಲ್ಲ. ಬೆನ್ಯಾ, ಚರ್ಚಿನಲ್ಲಿ ಹಾಡುವವನು, ಅದನ್ನೇ ಸೀಳಿ ಮೀನು ಪೋಣಿಸಿಕೊಂಡಿದ್ದ.

ಓಡಿ ಹೋದೆ. ಗಂಟಲು ಹರಿಯುವಂತೆ ಕೂಗಿದೆ. "ಸಾಸಿ ಕಣೋ ಇದು! ಕಣ್ಣು ಕಾಣಲ್ವಾ?"

ಬೆನ್ಯಾ ಸಿಟ್ಟಾಗಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ:

"ಇಲ್ಲಿಗೆ ಯಾವ ಕಂಪನಿ ಬರ್ತಿದೆ, ಊಸಿ ಸೆಲಿ?"

ಪಕ್ಕದಲ್ಲಿದ್ದವಳು ಬುಟ್ಟಿಯಿಂದ ತಲೆಯೆತ್ತದೆ ಹೇಳಿದಳು, "ಅವರು ಬರೋ ಮುಂಚೆ ನಾವೇ ತಿಂದ್ಕೋತೀವಿ ಬಿಡಿ."

ನೀರೊಳಗೆ ನಿಂತಿದ್ದೆ, ಮೊಣಕಾಲ ತನಕ. ಗಂಟೆ ಬಾರಿಸಿದ್ದೆವು, ಪ್ರಾರ್ಥನೆ ಮಾಡಿದ್ದೆವು, ಒಂದೂ ಬಿಟ್ಟಿರಲಿಲ್ಲ. ಕಟ್ಟಿದವಳು ಅದೇ ಕೇವಾಂಗ್, ಕಟ್ಟಿದ್ದು ಅದೇ ತೆಂಗಿನ ಗರಿ. ಇವರಿಗೆ ಕಂಡದ್ದು ಹಂದಿಯ ಕೊರಳ ಹಗ್ಗ, ಕೋಳಿಗೂಡಿನ ಬೋರ್ಡು.

ಹವಳ ಯಾವತ್ತಾದರೂ ಮತ್ತೆ ಬೆಳೆಯಬಹುದು. ಬೆನ್ಯಾನ ಮೊಮ್ಮಕ್ಕಳ ಕಾಲಕ್ಕಾದರೂ. ಅದನ್ನು ಕಾಯಲು ಇದ್ದದ್ದು ಈ ಗರಿ ಒಂದೇ. ಗರಿಯನ್ನು ಸಾಯಿಸಲು ಯಂತ್ರ ಬೇಕಾಗಲಿಲ್ಲ.

ಅಕ್ಟೋಬರ್ 22

ಬೆಳಿಗ್ಗೆ ಶಂಖ ತೆಗೆದುಕೊಂಡು ಊಸಿ ಬೆಚಿಯ ಮನೆಗೆ ಹೋದೆ. ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು.

"ಊಸಿ, ನೀನು ಊದು. ನನ್ನ ಹೆಸರು ಕೂಗು."

"ಯಾಕೆ? ಯಾವ ಗರಿ ದಾಟಿದೆ?"

"ಕಟ್ಟಬಾರದ ಗರಿ ಕಟ್ಟಿದೆ."

"ಅದಕ್ಕೆ ಶಿಕ್ಷೆ ಏನೂಂತ ನಿಮ್ಮಪ್ಪ ಹೇಳಿರಲಿಲ್ಲ," ಅಂದಳು. "ಹಂಗೂ ಒಬ್ಬಳು ಹುಟ್ತಾಳೆ ಅಂತ ಆ ಮುದುಕನಿಗೆ ಹೊಳೆದಿರಲಿಲ್ಲ." ಮಗುವಿನ ಕಾಲನ್ನು ತಿರುಗಿಸಿ ಇನ್ನೊಂದು ಕಡೆಗೆ ಎಣ್ಣೆ ಹಚ್ಚಿದಳು. "ನಾನು ಊದಲ್ಲ. ನನ್ನ ಕೈ ಎಣ್ಣೆ. ಬೇಕಾದ್ರೆ ನೀನೇ ಊದ್ಕೋ."

ಹೊರಗೆ ಬಂದೆ. ರಾಜನ ಜಗಲಿಯಿಂದ ಶುರು ಮಾಡಿದೆ. ಶಂಖ ಊದಿದೆ, ಮಾರ್ಸೆಲಿನಾ ಅಂತ ನನ್ನ ಪೂರ್ತಿ ಹೆಸರು ಕೂಗಿದೆ. ಪೊಲೀಸರ ಮುಂದೆ ಕೂಗಿದ ಗಂಟಲು ಇದು. ರಾಜ ಬನಿಯನ್ನಿನಲ್ಲೇ ಓಡಿ ಬಂದು, "ಹುಚ್ಚು ಹಿಡೀತಾ ನೋನಾ? ಮರ್ಯಾದೆ!" ಅಂದ. ಅವನ ಮುಂದೆ ಇನ್ನೊಮ್ಮೆ ಕೂಗಿದೆ. ಬೆನ್ಯಾನ ಮನೆ, ಪಾದ್ರಿಯ ಮನೆ, ಶಾಲೆಯ ಬೇಲಿ. ಮಕ್ಕಳು ಸ್ವಲ್ಪ ದೂರ ಹಿಂದೆ ಬಂದರು, ನಕ್ಕರು, ಆಮೇಲೆ ನಗು ನಿಲ್ಲಿಸಿ ವಾಪಸು ಹೋದರು. ಕೆಲವರು ಬಾಗಿಲಿಗೆ ಬಂದರು. ಕೆಲವರು ಬರಲಿಲ್ಲ. ಪಡುವಲ ದಿಬ್ಬಕ್ಕೆ ಹೊರಟಿದ್ದ ಇಬ್ಬರು ಹೆಂಗಸರು ಬುಟ್ಟಿ ಕೆಳಗಿಟ್ಟು ನಿಂತರು. ನಾನು ದಾಟಿ ಹೋದ ಮೇಲೆ ಬುಟ್ಟಿ ಎತ್ತಿಕೊಂಡು ಯಾವ ಕಡೆ ನಡೆದರೋ, ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಕೊನೆಗೆ ಊಸಿ ಬೆಚಿಯ ಬಾಗಿಲು. ಏಪ್ರಿಲಿನಲ್ಲಿ ನಿಂತ ಜಾಗದಲ್ಲೇ ನಿಂತೆ. ಊದಿದೆ. ಕೂಗಿದೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಸರಿಯಾಗಿ ಕೇಳಿಸ್ಲಿಲ್ಲ," ಅಂದಳು. "ಇನ್ನೊಂದ್ಸಲ ಕೂಗು."

ಕೂಗಿದೆ.